ಸಾಲಿಗೊಂದು ಹೂಂ

ಚಿಕ್ಕಮ್ಮ ಮತ್ತೆ ಕೈಯಾಡಿಸಿದ್ದಳು. ಪರದೆಯ ಮೇಲೆ ಅಜ್ಜಿಯ ಕಥೆಯ ಪುಟ ತೆರೆದಿತ್ತು. ಒಂದೊಂದು ಸಾಲಿನ ಕೆಳಗೂ ಹೊಸದಾಗಿ ಸೇರಿದ್ದೆಂದು ಹಸಿರು ಬಣ್ಣದಲ್ಲಿ ಮಿನುಗುವ ಒಂದೊಂದು ಹೂಂ. ‘ಒಂದೂರಲ್ಲಿ ಒಬ್ಬ ಮೊಂಡು ರಾಜ ಇದ್ದ.’ ಹೂಂ. ‘ಅವನಿಗೆ ಮೂಗಿಗಿಂತ ಕೋಪ ಉದ್ದ.’ ಹೂಂ. ಹುಡುಗಿ ಹಲ್ಲು ಕಚ್ಚಿಕೊಂಡು ಅಷ್ಟನ್ನೂ ಕಿತ್ತು ಪುಟವನ್ನು ನಿನ್ನೆ ಇದ್ದಂತೆ ಮಾಡಿದಳು. ಇದೇನು ಮೊದಲ ಸಲವಲ್ಲ. ಇವಳು ಕೀಳುವುದು, ಅವಳು ನೆಡುವುದು. ಕೆಲವು ದಿನಗಳಿಂದ ಇದೇ ನಾಟಿ ಕೆಲಸ ನಡೆದಿತ್ತು.

ಅಜ್ಜಿ ಹೋದ ಮೇಲೆ ಹುಡುಗಿಗೆ ಹಿಡಿದ ಹುಚ್ಚು ಅದು. ಹಗಲೆಲ್ಲ ಲ್ಯಾಬಿನಲ್ಲಿ ಕೂತು ಕಂಡವರ ಬಾಯಿಗೆ ಕಟ್ಟುಹಲ್ಲು ತಿದ್ದುವವಳು, ಸಂಜೆ ಮನೆಗೆ ಬಂದು ಕೀಲು ಮುರಿದ ಹಳೆಯ ಲ್ಯಾಪ್‌ಟಾಪಿನಲ್ಲಿ ಅಜ್ಜಿಯ ಕಥೆಗಳಿಗೆಂದೇ ಒಂದು ವಿಕಿ, ಬೇಕೆಂದಾಗ ತಿದ್ದಬಹುದಾದ ಪುಟಗಳ ತಾಣ, ಕಟ್ಟಿದ್ದಳು. ಕಥೆಗೊಂದು ಪುಟ, ಪುಟದಿಂದ ಪುಟಕ್ಕೆ ದಾರಿ. ಈ ಕಥೆಯ ಮಂತ್ರವಾದಿಯನ್ನು ಮುಟ್ಟಿದರೆ ಆ ಕಥೆಯ ಗಿಳಿಯ ಮುಂದೆ ಹೋಗಿ ನಿಲ್ಲಬಹುದು. ಅದರ ಬೆನ್ನಿಗೆ, ಪುಟದ ಹಳೆಯ ರೂಪಗಳನ್ನೆಲ್ಲ ಕಾಯುವ ಒಂದು ವ್ಯವಸ್ಥೆ. ಯಾರು ಏನು ಸೇರಿಸಿದರು, ಯಾರು ಏನು ಅಳಿಸಿದರು, ಒಂದಕ್ಷರವೂ ಅದರ ಕಣ್ಣು ತಪ್ಪುವುದಿಲ್ಲ. ಅಜ್ಜಿಯೇ ಕಳೆದುಹೋದಳು, ಇನ್ನು ಅವಳ ಮಾತೊಂದೂ ಕಳೆಯಬಾರದು ಎಂಬ ಹಟ.

ಅದರ ಪಾಸ್‌ವರ್ಡನ್ನು ಹುಡುಗಿ ಚಿಕ್ಕಮ್ಮನಿಗೊಬ್ಬಳಿಗೇ ಕೊಟ್ಟಿದ್ದಳು. ಕೊಟ್ಟದ್ದು ಆಸೆಬುರುಕತನದಿಂದ. ಅಜ್ಜಿಯ ಕಥೆಗಳಲ್ಲಿ ಒಂದಕ್ಕೆ, ಗಾಳಿಯ ಜಡೆ ಹೆಣೆಯಲು ಹೋದ ಹುಡುಗಿಯದಕ್ಕೆ, ಕೊನೆಯಿರಲಿಲ್ಲ. ಅವಳು ಏಳು ಬೆಟ್ಟ ದಾಟಿ ಹೋಗಿ ಗಾಳಿಯ ಮನೆಯ ಕದ ತಟ್ಟುತ್ತಾಳೆ; ಅಲ್ಲಿಗೆ ಎಲ್ಲರ ನೆನಪೂ ಕಡಿಯುತ್ತಿತ್ತು. ಅಮ್ಮನನ್ನು ಕೇಳಿದರೆ, “ಅಷ್ಟೊತ್ತಿಗೆ ನಿದ್ದೆ ಬಂದಿರ್ತಿತ್ತು ಕಣೇ.” ಸೋದರಮಾವನದೂ ಅದೇ ರಾಗ. ಅಜ್ಜಿಯ ಮಗ್ಗುಲು ಕೊನೆತನಕ ಬಿಡದವಳೆಂದರೆ ಚಿಕ್ಕಮ್ಮ. ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಒಂದಲ್ಲ ಒಂದು ದಿನ ಆ ಪುಟ ಬೆಳೆದೀತೆಂದು ಹುಡುಗಿ ಕಾದಳು. ಬೆಳೆದದ್ದು ಬೇರೆ ಪುಟಗಳು, ಅದೂ ಬರೀ ಹೂಂ.

ಹೊಲಿಗೆ ಅಂಗಡಿ ಮುಚ್ಚಿ ಚಿಕ್ಕಮ್ಮ ಬಂದಳು. ಅಳತೆಯ ಟೇಪು ಕೊರಳಲ್ಲೇ ಇತ್ತು, ತೋಳಿಗೆ ದಾರದ ಚೂರುಗಳು ಅಂಟಿದ್ದವು.

“ಬಾ ಬಾ, ನಿನ್ನನ್ನೇ ಕಾಯ್ತಿದ್ದೆ. ಏನದು ಪುಟದ ತುಂಬಾ ಗೂಬೆ ಕೂತ ಹಾಗೆ, ಹೂಂ ಹೂಂ ಅಂತ?”

“ನೀನ್ಯಾಕೆ ಕಿತ್ತೆ, ಅದು ಹೇಳು ಮೊದಲು. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬೆರಳು ಬಾತುಕೊಂಡಿದೆ ನಂಗೆ.”

“ಅದು ಕಥೆ ಅಲ್ಲ ಚಿಕ್ಕಮ್ಮ. ಅಜ್ಜಿ ಹೇಳಿದ್ದು ಕಥೆ. ಹೂಂ ಅಂತಿದ್ದೋರು ನಾವು.”

“ಓಹೋ, ಹಲ್ಲು ಕಟ್ಟೋ ಪಂಡಿತಮ್ಮ! ವಸಡಿಲ್ಲದೆ ಹಲ್ಲು ನಿಲ್ಲಿಸ್ತೀಯೇನೇ? ಹೂಂ ಅನ್ನದೆ ಅಮ್ಮ ಯಾವತ್ತಾದ್ರೂ ಒಂದು ಮಾತು ಮುಂದಕ್ಕೆ ಹೋಗಿದ್ದುಂಟಾ? ನಮ್ಮ ಹೂಂ ನಿಲ್ತು ಅಂದ್ರೆ ಮುಗೀತು, ಇವಕ್ಕೆ ನಿದ್ದೆ ಬಂತು ಅಂತ ದೀಪ ಆರಿಸಿ ಮಗ್ಗುಲಾಗ್ತಿದ್ಲು. ರಾಜನ್ನ ಅರ್ಧ ದಾರೀಲೇ ಬಿಟ್ಟು!”

ಹುಡುಗಿಗೆ ಕೋಪದ ನಡುವೆಯೂ ನಗು ಬಂತು. “ಆಯ್ತು ಮಾರಾಯ್ತಿ. ಎಲ್ಲಾ ವಾಪಸ್ ಇಡ್ತೀನಿ, ಒಂದೂ ಕಳೆದಿಲ್ಲ.” ಹಾಗೆಂದು ಕಿತ್ತದ್ದನ್ನೆಲ್ಲ ಮರಳಿಸಿ, ಗಾಳಿಯ ಪುಟ ತೆರೆದಳು. “ಆದ್ರೆ ಇದಕ್ಕೆ ಮಾತ್ರ ಯಾಕೆ ಒಂದೂ ಹಾಕಿಲ್ಲ? ಹೂಂ ಬೇಡ, ಕೊನೆ ಹೇಳು. ಕದ ತೆಗೆದೋರು ಯಾರು?”

ಚಿಕ್ಕಮ್ಮ ಟೇಪಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು.

“ನಂಗೂ ಅಲ್ಲೇ ನಿದ್ದೆ ಬರ್ತಿತ್ತು ಕಣೇ,” ಎಂದಳು. “ಆಸ್ಪತ್ರೇಲಿ ಒಂದು ಮಧ್ಯಾಹ್ನ ಅವಳಾಗೇ ಶುರು ಮಾಡಿದ್ಲು, ಇದೇ ಕಥೆ. ಈ ಸಲ ಬಿಡಬಾರದು ಅಂತ ರೆಪ್ಪೆ ಬಡಿಯದೆ ಕೂತೆ. ಪಕ್ಕದ ಮಂಚದೋರು ನಕ್ರೂ ಬಿಡ್ಲಿಲ್ಲ, ಮಾತಿಗೊಂದು ಹೂಂ ಅಂದೆ. ಏಳು ಬೆಟ್ಟಾನೂ ಹತ್ತಿಸಿ ಇಳಿಸಿದ್ಲು. ಕದ ತಟ್ಟಿಸಿದ್ಲು. ಹೂಂ ಅಂದೆ. ಇನ್ನೂ ಗಟ್ಟಿಯಾಗಿ ಅಂದೆ.” ಟೇಪು ಬಿಗಿದು ಅವಳ ಬೆರಳ ತುದಿ ಬಿಳಿಚಿಕೊಂಡಿತು. “ಆವತ್ತು ಅವಳಿಗೇ ನಿದ್ದೆ ಬಂತು.”

ಹುಡುಗಿ ಪುಟವನ್ನು ಕೊನೆಯ ಸಾಲಿಗೆ ಸರಿಸಿದಳು. ಮುಂದೇನಾಯಿತೆಂದು ಕೇಳಲು ಇನ್ನು ಲೋಕದಲ್ಲಿ ಯಾರೂ ಉಳಿದಿರಲಿಲ್ಲ. ಏಳು ಬೆಟ್ಟ ದಾಟಿ ಬಂದ ಕಥೆಯ ಹುಡುಗಿ ಕಾಲು ಸೋತು, ಬಾಚಣಿಗೆ ಹಿಡಿದು, ಮುಚ್ಚಿದ ಕದದ ಮುಂದೆ ನಿಂತೇ ಇದ್ದಳು.

“ಕೊನೆ ನಾವೇ ಬರೆದುಬಿಡೋಣ್ವಾ?” ಎಂದಳು ಮೆಲ್ಲಗೆ.

“ಬೇಡ. ನಾವು ಹೇಳೋರಲ್ಲ.”

ಚಿಕ್ಕಮ್ಮ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. ಬಾತ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ, ಕೊನೆಯ ಸಾಲಿನ ಕೆಳಗೆ ಒಂದು ಹೂಂ ಒತ್ತಿದಳು. ಹುಡುಗಿ ಅದನ್ನು ಉಳಿಸಲು ಹೋದಳು. ಪ್ರತಿ ಸಲ ಕೇಳುವಂತೆ ಯಂತ್ರ ಕೇಳಿತು: ಈ ಬದಲಾವಣೆ ಏಕೆ? ಇಷ್ಟು ದಿನ ಚಿಕ್ಕಮ್ಮ ಆ ಜಾಗವನ್ನು ಖಾಲಿ ಬಿಟ್ಟೇ ಮುಂದೆ ಹೋಗುತ್ತಿದ್ದಳು.

“ಏನಂತ ಬರೀಲಿ?”

ಚಿಕ್ಕಮ್ಮ ಕಣ್ಣೊರೆಸಿಕೊಂಡಳು.

“ಎಚ್ಚರ ಇದ್ದೀವಿ ಅಂತ ಹಾಕು.”