ರೇಡಿಯೇಟರಿನಲ್ಲಿ ಸಿಕ್ಕ ರೆಕ್ಕೆ

ಅಪ್ಪನ ಹಳೆಯ ಸ್ಪೋರ್ಟ್ಸ್ ಕಾರಿನ ಏರ್ ಡ್ಯಾಮ್, ಅಂದರೆ ಮುಂದಿನ ಬಂಪರಿನಡಿಯ ಕಪ್ಪು ಪಟ್ಟಿ, ಉದ್ದಕ್ಕೂ ಸೀಳಿತ್ತು. ಮೆಕ್ಯಾನಿಕ್ ಆಗಿದ್ದ ಮಗಳು ಅದನ್ನು ಬಿಚ್ಚಿದಾಗ ಅದರ ಹಿಂದಿದ್ದ ರೇಡಿಯೇಟರಿನಲ್ಲಿ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯೊಂದು ಸಿಕ್ಕಿಕೊಂಡಿತ್ತು, ಇನ್ನೂ ಹೊಳಪು ಮಾಸದೆ.

"ಇದು ಹೇಗೆ ಸೀಳ್ತು ಅಪ್ಪಾ?"

"ಇಲಿ ಕಡಿದಿರಬೇಕು," ಎಂದರು ಅಪ್ಪ, ಗೋಡೆ ನೋಡುತ್ತಾ. ಇನ್ನು ಸ್ಟಿಯರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿ ಆರು ತಿಂಗಳಾಗಿತ್ತು.

ಅಮ್ಮ ಇದ್ದಾಗ ರೇಡಿಯೇಟರ್ ಉಜ್ಜುವುದು ಅವಳದೇ ಕೆಲಸ. ಹಳೆಯ ಟೂತ್‌ಬ್ರಷ್ ಹಿಡಿದು ಕೂತಳೆಂದರೆ ಅಪ್ಪನ ಬಂಡವಾಳ ಬಯಲಾಗುತ್ತಿತ್ತು. ಹತ್ತಿಯ ಎಳೆ ಸಿಕ್ಕರೆ, "ಗಿರಣಿ ಕಡೆ ಹೋಗಿದ್ರಿ." ನೀರಿನ ಮೇಲೆ ಹಾರಾಡುವ ಇಂಥ ಚಿಟ್ಟೆಯ ರೆಕ್ಕೆ ಸಿಕ್ಕರೆ ಮಾತ್ರ ಮುಖ ಊದಿಸಿಕೊಳ್ಳುತ್ತಿದ್ದಳು. "ನನ್ನ ಬಿಟ್ಟು ಕೆರೆಗೆ ಹೋಗಿದ್ರಾ?"

ಮಗಳು ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ ಅಪ್ಪನ ಅಂಗೈಯಲ್ಲಿಟ್ಟಳು. ಅವರು ಅದನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದರು.

"ಅವಳು ಕೂರ್ತಿದ್ದ ಬೆಂಚು ಇನ್ನೂ ಅಲ್ಲೇ ಇದೆ ಕಣೆ."

ಹೊಸ ಏರ್ ಡ್ಯಾಮ್ ಕೂರಿಸಿ ಎದ್ದವಳು ಕಾರಿನ ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡಳು. ಅಪ್ಪನ ಮುಖ ಸಪ್ಪಗಾಯಿತು.

"ಭಾನುವಾರ ಬೆಳಿಗ್ಗೆ ರೆಡಿಯಾಗಿರಿ," ಎಂದಳು. "ನನ್ನ ಬಿಟ್ಟು ಕೆರೆಗೆ ಹೋಗಿದ್ದು ಸಾಕು."