ಸಾಸಿವೆಯಷ್ಟು ಚುಕ್ಕಿ

ಇದೋ, ಅದೋ? ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ತಾನೇ ಕಟ್ಟುತ್ತಿದ್ದ ಮೊದಲ ಡ್ರೋನಿಗೆ ಬೇಕಾದ ಫ್ಲೈಟ್ ಕಂಟ್ರೋಲರ್ ಬೋರ್ಡುಗಳೆರಡು ಅಂಗಡಿಯ ಗಾಜಿನ ಮೇಜಿನ ಮೇಲಿದ್ದವು. ಒಂದಕ್ಕೆ ತಂತಿ ಸಿಕ್ಕಿಸಿದರೆ ಸಾಕು. ಇನ್ನೊಂದರಲ್ಲಿ ಸಾಸಿವೆಯಷ್ಟು ಚುಕ್ಕಿಗಳ ಮೇಲೆ ಬೆಸುಗೆ ಹಾಕಬೇಕು.

"ಹೆಣ್ಣು ನೋಡೋಕೂ ಇಷ್ಟು ಹೊತ್ತು ಬೇಡ ಕಣೋ! ಬೆಸುಗೇದೇ ತಗೋ, ಗಟ್ಟಿ," ಎಂದು ಅಮ್ಮ ರೇಗಿದಳು. "ಮೂವತ್ತು ವರ್ಷ ರೇಡಿಯೋ ಕಾರ್ಖಾನೇಲಿ ಬೆಸುಗೆ ಹಾಕಿದೋಳು ನಾನಿಲ್ವಾ?"

ಬೆಸುಗೆ ಎಲ್ಲಿ ಹಾಕಬೇಕೆಂದು ತೋರಿಸಲು ಆ ಬೋರ್ಡನ್ನು ಎತ್ತಿಕೊಂಡಳು. ಅದು ಅವಳ ಬೆರಳುಗಳ ನಡುವೆ ಸಣ್ಣಗೆ ನಡುಗಿತು. ತಟ್ಟನೆ ಕೆಳಗಿಟ್ಟು ಕೈಯನ್ನು ಚೀಲದೊಳಗೆ ತೂರಿಸಿದಳು.

"ಸಿಕ್ಕಿಸೋದೇ ಇರ್ಲಮ್ಮ. ಬೆಸುಗೆ ಗಿಸುಗೆ ಅಂತ ಒದ್ದಾಡೋಕೆ ನಂಗೆ ಪುರುಸೊತ್ತಿಲ್ಲ," ಎಂದ.

"ಮೈಗಳ್ಳ!" ಎಂದು ಅಮ್ಮ ದಾರಿಯುದ್ದಕ್ಕೂ ಬೈದಳು. ಕೈ ನಡುಗಿದ್ದನ್ನು ಕಂಡೆನೆಂದು ಅವನು ಹೇಳಲೇ ಇಲ್ಲ.