ನೂಲಿನ ಗಂಜಿ

ಮಗಳಿಗೆ ಹೊಟ್ಟೆ ಕೆಟ್ಟಿದೆಯೆಂದು ಗಂಜಿ ಬೇಯಿಸುತ್ತಿದ್ದೇನೆ. ಅದರ ಆವಿಯಲ್ಲಿ ಸೇಲಂನ ನಮ್ಮ ಮಗ್ಗದ ಮನೆಯ ಒಂದು ಮಧ್ಯಾಹ್ನ ವಾಸನೆಯಾಗಿ ಬರುತ್ತಿದೆ.

ಆ ಮನೆಯಲ್ಲಿ ಗಂಜಿಯ ಮಡಕೆ ಎರಡಿದ್ದವು. ಒಂದು ನಮಗೆ, ಇನ್ನೊಂದು ನೂಲಿಗೆ. ಎಳೆ ಗಟ್ಟಿಯಾಗಲೆಂದು ನೂಲಿಗೆ ಹಚ್ಚುವ ಗಂಜಿಯನ್ನು ಹುಳಿಯಲು ಬಿಡುತ್ತಿದ್ದರು. ಅಜ್ಜಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಶಾಲೆಯಿಂದ ಹಸಿದು ಬಂದ ನನಗೆ ಲೋಟ ತುಂಬಿ ಕೊಟ್ಟಳು.

"ತುಂಬ ಉಳಿ ಐತೆ ಅಜ್ಜಿ."

"ಅಳೇ ಅನ್ನದ ಗಂಜಿ ಕಣವ್ವಾ, ಒಟ್ಟೆಗೆ ಒಳ್ಳೇದು. ಕುಡಿ."

ಕೆಂಪು ನೂಲಿನ ತುಂಡೊಂದು ನಾಲಿಗೆಗೆ ಸಿಕ್ಕಿತು. ಅದನ್ನು ತೆಗೆದು ಲಂಗಕ್ಕೆ ಒರೆಸಿ, ಉಳಿದದ್ದನ್ನೂ ಕುಡಿದೆ.

ಸಂಜೆಗೆ ವಾಂತಿ ಶುರುವಾಯಿತು, ಜೊತೆಗೆ ಭೇದಿ. ಅಜ್ಜಿ ಒಳಗೆ ಹೋಗಿ ಎರಡೂ ಮಡಕೆ ಮೂಸಿ ನೋಡಿ ಬಂದಳು. ಅವಳೂ ಅಮ್ಮನೂ ನನ್ನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದರು.

"ಎನ್ನಮ್ಮಾ ಸಾಪ್ಟೆ?" ಏನು ತಿಂದೆ ಎಂದು ಡಾಕ್ಟರಮ್ಮ ಕೇಳಿದರು. ನನ್ನ ಪಾದ ಉಜ್ಜುತ್ತಿದ್ದ ಅಜ್ಜಿಯ ಕೈ ನಿಂತಿತು.

ಶಾಲೆಯ ಮುಂದೆ ಹೆಚ್ಚಿಟ್ಟಿದ್ದ ಮಾವಿನಕಾಯಿ ತಿಂದೆ ಎಂದು ತಮಿಳಿನಲ್ಲೇ ಹೇಳಿದೆ. ಅಮ್ಮ ಬೈಯತೊಡಗಿದಳು.

"ಮಗೀಗೆ ಬೈಬ್ಯಾಡ ಬುಡು," ಎಂದಳು ಅಜ್ಜಿ. ಅವಳ ಕೈ ಮತ್ತೆ ನನ್ನ ಪಾದ ಉಜ್ಜತೊಡಗಿತು.

ಮರುದಿನ ಅಜ್ಜಿ ಉಪ್ಪು ಹಾಕಿದ ಬಿಸಿ ಗಂಜಿ ತಂದಳು. ಮೊದಲ ಗುಟುಕನ್ನು ತಾನೇ ಕುಡಿದು, ಬಾಯಲ್ಲಿ ಹೊರಳಿಸಿ, ನುಂಗಿ, ಆಮೇಲೆ ಲೋಟವನ್ನು ನನ್ನ ಕೈಗಿಟ್ಟಳು. ಅಮ್ಮ ಅತ್ತ ಹೋಗುವವರೆಗೆ ಕಾದು ಮೆಲ್ಲಗೆ ಕೇಳಿದಳು.

"ಮಾವಿನಕಾಯಿ ತುಂಬ ಉಳಿ ಇತ್ತೇನವ್ವಾ?"

"ಇಲ್ಲಜ್ಜಿ," ಎಂದೆ. "ಸೀಯಾಗಿತ್ತು."